ಜಪಾನಿನ ಟರ್ನ್‌ಟೇಬಲ್: ಮೂರನೇ ಸಲ ಗೆದ್ದೆ

ಜಪಾನಿನಿಂದ ತರಿಸಿದ ಹಳೇ ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ) ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಬೆಂಗಳೂರಿನ ನಮ್ಮ ಮನೆಯಲ್ಲಿ ಎಂಟು ತಿಂಗಳಿಂದ ತಿರುಗುತ್ತಿದೆ. ವೇಗ ಸರಿಯಿದೆಯೇ ಎಂದು ತೋರಿಸುವ ಅಂಚಿನ ಸ್ಟ್ರೋಬ್ ಚುಕ್ಕಿಗಳು ಅಲ್ಲಾಡೋದೇ ಇಲ್ಲ. "ಅಷ್ಟು ದೂರದಿಂದ ಹಳೇ ಸಾಮಾನು ಪುಡಿಪುಡಿಯಾಗೇ ಬರೋದು" ಎಂದಿದ್ದ ಗೆಳೆಯರೇ ಈಗ ತಮಗೂ ಒಂದು ತರಿಸಿಕೊಡು ಅಂತಿದ್ದಾರೆ.

ಮೊದಲ ಸಲ ತರಿಸಿದ್ದು ಒಸಾಕಾದಿಂದ, ಸಿಂಕ್ರೊನಸ್ ಮೋಟರಿನ ಬೆಲ್ಟ್ ಡ್ರೈವ್ (ಮೋಟರು ಬೆಲ್ಟಿನಿಂದ ತಟ್ಟೆ ತಿರುಗಿಸುವ ಬಗೆ). ಅಲ್ಲಿ ಕರೆಂಟು 60 ಹರ್ಟ್ಸ್, ನಮ್ಮದು 50, ಈ ಮೋಟರಿನ ವೇಗ ಅದರ ಲೆಕ್ಕಕ್ಕೇ ಎಂಬುದು ತಲೆಗೇ ಹೊಳೆಯಲಿಲ್ಲ. ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡ್ ಹಾಕಿದರೆ ಅವರ ಷಡ್ಜ ಮೂರು ಸ್ವರಸ್ಥಾನ ಕೆಳಗಿಳಿದಿತ್ತು! ಪೀಣ್ಯದಲ್ಲಿ ಲೇಥ್‌ಗೆ ಕೊಟ್ಟು ಮೋಟರಿನ ಪುಲ್ಲಿಯನ್ನು (ಬೆಲ್ಟ್ ಓಡುವ ಗಾಲಿ) ಐದನೇ ಒಂದು ಪಾಲು ಹೆಚ್ಚು ದಪ್ಪಕ್ಕೆ ಮಾಡಿಸಿದೆ. ಮೊದಲನೆಯದು ಅರ್ಧ ಕೂದಲೆಳೆ ಓರೆಯಾಗಿ ಸ್ವರ ನಡುಗಿತು. ಎರಡನೆಯದು ಕೂತಿತು. ಪುಲ್ಲಿಗೇ 1,800 ಹೋಯಿತು.

ಎರಡನೇ ಸಲ ತರಿಸಿದ್ದು ಎಸ್‌ಎಲ್-1200ನೇ. ಪ್ಯಾಕ್ ಮಾಡಿದವರು ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) ಬಿಚ್ಚಿರಲಿಲ್ಲ. ಸುಮಾರು ಎರಡು ಕಿಲೋ ತೂಕದ ಲೋಹ ದಾರಿಯುದ್ದಕ್ಕೂ ಕುಣಿದು ಟೋನ್‌ಆರ್ಮ್ (ಸೂಜಿ ಹೊತ್ತ ತೋಳು) ಬಗ್ಗಿಸಿತ್ತು. ಇನ್ಶೂರೆನ್ಸ್ ಕೇಳಿದರೆ "ಪ್ಯಾಕಿಂಗ್ ಸರಿಯಿಲ್ಲ" ಅಂತ ಕೈತೊಳೆದುಕೊಂಡರು. 40 ಸಾವಿರದ ಹತ್ತಿರ ಮುಳುಗಿತು. ಆ ವಾರ ನಿದ್ದೆ ಬರಲಿಲ್ಲ.

ಮೂರನೆಯದಕ್ಕೆ ಪ್ಲ್ಯಾಟರ್, ಕೌಂಟರ್‌ವೇಟ್ (ತೋಳಿನ ಹಿಂದಿನ ತೂಕ), ಹೆಡ್‌ಶೆಲ್ (ತೋಳಿನ ತುದಿಯಲ್ಲಿ ಸೂಜಿ ಕೂರುವ ಭಾಗ) ಬೇರೆ ಬೇರೆ ಸುತ್ತಿಸಿ, ಡಬ್ಬದೊಳಗೆ ಡಬ್ಬ ಇಡಿಸಿದೆ. ಹರಾಜಿನಲ್ಲಿ ಕೊಂಡು ಕಳಿಸುವ ಏಜೆಂಟರಿಗೆ ಜಪಾನಿ ಭಾಷೆಯಲ್ಲೇ ಒಂದು ಚೀಟಿ ಕಳಿಸಿದ್ದೆ. ಅದರಲ್ಲಿ ಏನು ಬರೆದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಡೆಕ್ 27 ಸಾವಿರ, ಸಾಗಣೆ 16, ಕಸ್ಟಮ್ಸ್ 18ರ ಆಸುಪಾಸು. ಸುಂಕ ಸಾಗಣೆಯ ಮೇಲೂ ಬೀಳುತ್ತೆ, ಹಾಗಾಗಿ ಪೆಟ್ಟಿಗೆಯ ಒಂದೊಂದು ಕಿಲೋಗೂ ಎರಡು ಸಲ ದುಡ್ಡು ಕೊಟ್ಟ ಲೆಕ್ಕ. ಆದರೂ ಇಲ್ಲಿ ಇದೇ ಸ್ಥಿತಿಯದಕ್ಕೆ ಲಕ್ಷದ ಹತ್ತಿರ ಕೇಳಿದ್ದರು.

ನಮ್ಮ 230 ವೋಲ್ಟನ್ನು ಜಪಾನಿನ 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಎಲ್ಲರೂ 110 ವೋಲ್ಟಿನದನ್ನೇ ಕೈಗಿಡುತ್ತಾರೆ, "ನಡೆಯುತ್ತೆ ಸಾರ್" ಅಂತಾರೆ. ನಮ್ಮ ಬೀದಿಯಲ್ಲಿ ರಾತ್ರಿ ಲೈನ್ 245 ಮುಟ್ಟುತ್ತೆ. ಆಗ ಅದು 117 ಕೊಡುತ್ತೆ, ಪಾಪ 100ರ ಯಂತ್ರ ಬೇಯುತ್ತೆ. ಸರಿಯಾಗಿ 100ಕ್ಕೇ ಸುತ್ತಿಸಿದೆ, 2,200 ಆಯಿತು.

ಮಧ್ಯೆ ಒಂದು ಜಪಾನಿ ಟ್ಯೂನರನ್ನೂ (ರೇಡಿಯೊ ಹಿಡಿಯುವ ಪೆಟ್ಟಿಗೆ) 'ಜಂಕ್' ಪಟ್ಟಿಯಿಂದ ಅಗ್ಗಕ್ಕೆ ತರಿಸಿದ್ದೆ. ಅದರ ಎಫ್‌ಎಂ 76ರಿಂದ 90ರವರೆಗೆ ಮಾತ್ರ, ನಮ್ಮ ಸ್ಟೇಷನ್‌ಗಳೆಲ್ಲ ಅದರಾಚೆ. ಸ್ಟೇಷನ್ ಹಿಡಿಯುವ ವ್ಯಾಪ್ತಿ ಮೇಲೆ ಸರಿಯಲಿ ಅಂತ ಒಳಗಿನ ಆಸಿಲೇಟರ್ ಕಾಯಿಲಿನ (ತಂತಿ ಸುರುಳಿ) ಸುತ್ತುಗಳನ್ನು ಬಿದಿರು ಕಡ್ಡಿಯಿಂದ ಒಂಚೂರು ಅಗಲಿಸಿದೆ. 91.1 ತೆಳ್ಳಗೆ ಕೇಳಿಸಿತು, 101.3 ಮಾತ್ರ ಸಿಗಲೇ ಇಲ್ಲ. ಇನ್ನೂ ಬಿಟ್ಟಿಲ್ಲ.

ಇನ್ನು ನಾನೇ ಹೊರದೇಶಕ್ಕೆ ಮಾರೋದಾದರೆ ಹಗುರದ ಸಾಮಾನು ಮಾತ್ರ. ಸಿಂಗಪುರಕ್ಕೆ ಕಳಿಸಿದ ಮೊದಲ ಕಾರ್ಟ್ರಿಜ್‌ಗೆ (ಸೂಜಿ ಕೂತಿರುವ ಪುಟ್ಟ ಭಾಗ) "ಸೂಜಿ ಬಗ್ಗಿದೆ" ಎಂದು ಪೂರ್ತಿ ದುಡ್ಡು ವಾಪಸ್ ಕೇಳಿದರು, ಕೊಟ್ಟೆ. ಈಗ ಡಬ್ಬ ಮುಚ್ಚುವ ಮೊದಲು ಸೂಜಿಯನ್ನು ಭೂತಗನ್ನಡಿಯಲ್ಲಿ ತೋರಿಸಿ, ಟೇಪ್ ಅಂಟಿಸುವವರೆಗೂ ಒಂದೇ ಓಟದಲ್ಲಿ ವಿಡಿಯೊ ತೆಗೆಯುತ್ತೇನೆ. ಆಮೇಲೆ ಕಳಿಸಿದ ನಾಲ್ಕಕ್ಕೂ ತಕರಾರು ಬಂದಿಲ್ಲ.