ವೈರಸ್ ಹಂಚಿದ್ದು ನನ್ನ ಕತ್ತರಿ

ಮಂಗಳೂರಿನ ಬಿಜೈಯ ನಮ್ಮ ಮನೆಯ ಟೆರೇಸಿನಲ್ಲಿ 42 ಕುಂಡ ಆರ್ಕಿಡ್ ಇದ್ದವು. ಹೆಚ್ಚಿನವು ಡೆಂಡ್ರೋಬಿಯಂ. ನಾಲ್ಕೈದು ಫೆಲನಾಪ್ಸಿಸ್, ತವರಿನಿಂದ ತಂದ ಒಂದು ಸೀತಾಳೆ ದಂಡೆ. ಹೋದ ವರ್ಷ ಮಳೆ ಮುಗಿಯುವ ಹೊತ್ತಿಗೆ ಒಂದು ನೇರಳೆ ಡೆಂಡ್ರೋಬಿಯಂನ ಎಸಳಿನಲ್ಲಿ ಬಿಳಿ ಗೆರೆಗಳು ಬಂದವು. ಪಕ್ಕದ ಮನೆಯ ಅಕ್ಕ ನೋಡಿ, "ಹೊಸ ಜಾತಿಯಾ? ಚಂದ ಉಂಟು" ಅಂದರು. ನನಗೂ ಚಂದವೇ ಕಂಡಿತ್ತು, ಸುಳ್ಳು ಯಾಕೆ?

ಆಮೇಲೆ ಎಲೆಯಲ್ಲಿ ಹಳದಿ ಗೆರೆ, ಅದರ ನಡುವೆ ತಗ್ಗಾದ ಕಪ್ಪು ಚುಕ್ಕೆ. ನಮ್ಮ ಊರಿನ ಮಳೆಗೆ ಎಲೆ ಕಪ್ಪಾದರೆ ಕೊಳೆರೋಗ ಅಂತಲೇ ಲೆಕ್ಕ. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣ ಹೊಡೆಯೋಣ ಅಂದರು ಯಜಮಾನರು. ಅದರಲ್ಲಿರುವ ತಾಮ್ರ ಡೆಂಡ್ರೋಬಿಯಂಗೆ ಆಗಿಬರುವುದಿಲ್ಲ, ಬೇಡ ಅಂದೆ. ಬೇರೆ ಮದ್ದು ಎರಡು ಸಲ ಹೊಡೆದೆ. ಏನೂ ಆಗಲಿಲ್ಲ.

ಕೊನೆಗೆ ವೈರಸ್ ಇದೆಯಾ ಅಂತ ನೋಡುವ ಟೆಸ್ಟ್ ಸ್ಟ್ರಿಪ್ ತರಿಸಿದೆ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಮಾಡಿಕೊಂಡೆವಲ್ಲ, ಅದೇ ತರಹದ್ದು. ಎಲೆಯ ಚೂರನ್ನು ದ್ರಾವಣದಲ್ಲಿ ಅರೆದು ಪಟ್ಟಿ ಅದ್ದಿದರೆ ಸ್ವಲ್ಪ ಹೊತ್ತಿನಲ್ಲಿ ಗೆರೆ ಮೂಡುತ್ತದೆ. ಬೆಲೆ ಜಾಸ್ತಿ, ಹಾಗಾಗಿ 12 ಗಿಡ ಮಾತ್ರ ಪರೀಕ್ಷಿಸಿದೆ. ಐದರಲ್ಲಿ ಸಿಂಬಿಡಿಯಂ ಮೊಸಾಯಿಕ್ ವೈರಸ್. ಹೆಸರು ಸಿಂಬಿಡಿಯಂ ಅನ್ನುವ ಇನ್ನೊಂದು ಆರ್ಕಿಡ್‌ನದಾದರೂ ಡೆಂಡ್ರೋಬಿಯಂ, ಫೆಲನಾಪ್ಸಿಸ್ ಯಾವುದನ್ನೂ ಬಿಡುವುದಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಬೇರೆ ವಿಷಯಕ್ಕೆ. ಆ ಐದರಲ್ಲಿ ಎರಡು ಗಿಡಗಳ ಎಲೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ಹರಡಿದ್ದು ಹೇಗೆ ಅಂತ ಯೋಚಿಸಿದರೆ ಉತ್ತರ ನನ್ನ ಕೈಯಲ್ಲೇ ಇತ್ತು. ಈ ವೈರಸ್ಸಿಗೆ ನುಸಿ, ಹೇನು ಬೇಕಾಗಿಲ್ಲ. ಗಿಡದ ರಸ ತಾಗಿದರೆ ಸಾಕು. ನಾನು ಒಂದೇ ಕತ್ತರಿ ಹಿಡಿದು ಸಾಲಾಗಿ ಒಣಗಿದ ಹೂಕಾಂಡ ಕತ್ತರಿಸುತ್ತಾ ಹೋಗುತ್ತಿದ್ದೆ. ನಡುವೆ ಸ್ಪಿರಿಟ್‌ನಲ್ಲಿ ಒರೆಸಿ ಸಮಾಧಾನ ಪಡುತ್ತಿದ್ದೆ. ಸ್ಪಿರಿಟನ್ನು ನಂಬಿ ಕೂರುವ ಹಾಗಿಲ್ಲ ಅಂತ ಆಮೇಲೆ ಗೊತ್ತಾಯಿತು.

ವೈರಸ್ ಹೊಕ್ಕ ಗಿಡಕ್ಕೆ ಮದ್ದಿಲ್ಲ. ಗಿಡದ ತುದಿಯ ಚಿಕ್ಕ ಕುಡಿ ತೆಗೆದು ಲ್ಯಾಬಿನಲ್ಲಿ ವೈರಸ್ ಇಲ್ಲದ ಸಸಿ ಮಾಡುವ ವಿಧಾನ ಇದೆ, ನಮ್ಮ ಟೆರೇಸಿಗೆ ಅದು ದೂರದ ಮಾತು. ಐದನ್ನೂ ಕುಂಡದ ತೆಂಗಿನ ಸಿಪ್ಪೆ, ಇದ್ದಿಲಿನ ಸಮೇತ ತೆಗೆದೆ. ಒಂದರಲ್ಲಿ ಮೊಗ್ಗು ಇತ್ತು. ಅದನ್ನು ಎರಡು ದಿನ ಮೂಲೆಯಲ್ಲಿಟ್ಟು ನೋಡಿ ಆಮೇಲೆ ಎಸೆದೆ.

ಈಗ ಒಂದು ಗಿಡಕ್ಕೆ ಒಂದು ಹೊಸ ಬ್ಲೇಡ್. ಕತ್ತರಿಯೇ ಬೇಕಾದರೆ ಗ್ಯಾಸ್ ಒಲೆಯ ಉರಿಯಲ್ಲಿ ಕಾಯಿಸಿ, ಆರಿಸಿ ಬಳಸುತ್ತೇನೆ. ಹಳೇ ಕುಂಡಗಳನ್ನು ಚೆನ್ನಾಗಿ ತಿಕ್ಕಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ ಅದರಲ್ಲಿ ಮುಳುಗಿಸಿಡುತ್ತೇನೆ. ಒಂದರ ಕೆಳಗೆ ಒಂದು ಕುಂಡ ತೂಗುಹಾಕುವುದನ್ನು ಬಿಟ್ಟೆ, ಮೇಲಿನ ನೀರು ಕೆಳಗಿನದಕ್ಕೆ ಬೀಳಬಾರದಲ್ವಾ? ಹೊಸ ಗಿಡ ತಂದರೆ ಮೊದಲು ಹಿಂದಿನ ಬಾಲ್ಕನಿ, ಟೆಸ್ಟ್ ಆದ ಮೇಲೆ ಟೆರೇಸ್.

ಇನ್ನೊಂದು ಕೆಲಸ ಬಾಕಿ ಇತ್ತು. ಆ ನೇರಳೆ ಗಿಡದ ಒಂದು ಮರಿಯನ್ನು ನಾನೇ ಪಕ್ಕದ ಮನೆಗೆ ಕೊಟ್ಟಿದ್ದೆ. ಹೋಗಿ ಎಲ್ಲ ಹೇಳಿದೆ. "ಹೂ ಬಿಡ್ತಾ ಉಂಟಲ್ಲ ಮಾರಾಯ್ತಿ, ಇರಲಿ ಬಿಡು" ಅಂದರು ಅಕ್ಕ. ಒತ್ತಾಯ ಮಾಡಲಿಲ್ಲ. ಅವರು ಈಗ ಕತ್ತರಿ ಕೇಳಿ ಬಂದರೆ ಒಂದು ಬ್ಲೇಡ್ ಕೊಟ್ಟು, ವಾಪಸ್ ಬೇಡ ಅನ್ನುತ್ತೇನೆ.