ಐವತ್ತೇಳು ವೋಲ್ಟಿನ ಲೆಕ್ಕ

ಮಂಡ್ಯ ಸೀಮೆಯಲ್ಲಿ ಸೌಂಡ್ಸ್ ಕೆಲಸ ಮಾಡುವವರಿಗೆ ಪೌರಾಣಿಕ ನಾಟಕಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ. ರಾತ್ರಿ ಆರಂಭವಾದದ್ದು ಬೆಳಗಿನ ಜಾವದವರೆಗೂ ನಡೆಯುತ್ತದೆ. ಭೀಮನ ಪಾತ್ರಧಾರಿ ಮೈಕಿಗೆ ತುಟಿ ತಾಗಿಸಿಯೇ ಅಬ್ಬರಿಸುತ್ತಾನೆ. ಎಷ್ಟು ಕೊಟ್ಟರೂ ಹಿಂದೆ ಕುಳಿತವರಿಗೆ ಸಾಲುವುದಿಲ್ಲ. ಮದ್ದೂರಿನ ಸಮೀಪದ ಊರೊಂದರಲ್ಲಿ ಇಂಥದೇ ರಾತ್ರಿ, ಯುದ್ಧದ ದೃಶ್ಯಕ್ಕೆ ರಿದಂ ಪ್ಯಾಡ್ ಬಾರಿಸುತ್ತಿದ್ದಾಗ, ನನ್ನ 18 ಇಂಚಿನ ಎರಡು ಬೇಸ್ ಸ್ಪೀಕರುಗಳು ಹೋದವು. ಬಾಕ್ಸಿನ ಗಾಳಿಕಿಂಡಿಯಾದ ಪೋರ್ಟಿನ ಬಾಯಿಯಿಂದ ವಾರ್ನಿಷ್ ಸುಟ್ಟ ನಾತ ಬರುತ್ತಿತ್ತು. ಕೋನನ್ನು ಅಂಗೈಯಿಂದ ಮೆಲ್ಲಗೆ ಒತ್ತಿದರೆ ಒಳಗಿನ ತಂತಿಸುರುಳಿ, ಅಂದರೆ ಕಾಯಿಲ್, ಕರಕರ ಉಜ್ಜುವುದು ಕೈಗೇ ತಿಳಿಯುತ್ತಿತ್ತು.

ಅಂದು ನಾನು ಆಂಪ್ಲಿಫೈಯರಿನ ಗುಂಡಿಗಳನ್ನು ಅರ್ಧಕ್ಕೆ ಇಳಿಸಿಟ್ಟು ನಿಶ್ಚಿಂತನಾಗಿದ್ದೆ. ಆ ಗುಂಡಿ ಒಳಬರುವ ಸಿಗ್ನಲನ್ನು ಮಾತ್ರ ತಗ್ಗಿಸುತ್ತದೆಯೇ ಹೊರತು ಆಂಪ್ಲಿಫೈಯರಿನ ತಾಕತ್ತನ್ನಲ್ಲ; ಮಿಕ್ಸರಿನಲ್ಲಿ ಅಷ್ಟೇ ಏರಿಸಿದರೆ ಅದು ಮೊದಲಿನಂತೆಯೇ ಪೂರ್ಣ ವೋಲ್ಟೇಜ್ ಕೊಡುತ್ತದೆ. ರೀಕೋನಿಂಗಿಗೆ (ಕೋನ್, ಕಾಯಿಲ್ ಬದಲಿಸುವ ರಿಪೇರಿಗೆ) ದುಡ್ಡು ಸುರಿದ ಮೇಲೆಯೇ ಇದು ತಲೆಗೆ ಹತ್ತಿತು.

ಅನಂತರ ವ್ಯಾಟಿನ ಮಾತು ಬಿಟ್ಟು ವೋಲ್ಟಿನಲ್ಲಿ ಲೆಕ್ಕ ಹಾಕತೊಡಗಿದೆ. ನನ್ನ ಸ್ಪೀಕರಿನ ನಿರಂತರ ಸಾಮರ್ಥ್ಯ 800 ವ್ಯಾಟ್, ಇಂಪೀಡೆನ್ಸ್ (ಎಸಿಗೆ ಅದು ಒಡ್ಡುವ ತಡೆ) 8 ಓಮ್. ಎರಡನ್ನೂ ಗುಣಿಸಿದರೆ 6400, ಅದರ ವರ್ಗಮೂಲ 80 ವೋಲ್ಟ್. ಆದರೆ ಇಡೀ ರಾತ್ರಿ ದುಡಿಯುವ ಬಾಕ್ಸಿಗೆ ಅಷ್ಟು ಕೊಡಲು ನನಗೆ ಧೈರ್ಯವಿಲ್ಲ. ಕಾಯಿಲ್ 200 ಡಿಗ್ರಿ ಮುಟ್ಟಿದರೆ ತಾಮ್ರದ ರೋಧ ಸುಮಾರು ಶೇ. 70ರಷ್ಟು ಏರುತ್ತದೆ, ಸದ್ದು ತಾನಾಗಿ ಕುಗ್ಗುತ್ತದೆ, ಕುಗ್ಗಿತೆಂದು ನಾವು ಫೇಡರ್ ಏರಿಸುತ್ತೇವೆ, ಅದು ಇನ್ನಷ್ಟು ಕಾಯುತ್ತದೆ. ಆದ್ದರಿಂದ 3 ಡಿಬಿ (ಡೆಸಿಬೆಲ್) ಕೆಳಗೆ, ಅಂದರೆ ಅರ್ಧ ಶಕ್ತಿಯಾದ 400 ವ್ಯಾಟಿಗೆ ಸಮನಾದ 57 ವೋಲ್ಟಿಗೆ ಆರ್‌ಎಂಎಸ್ ಲಿಮಿಟರನ್ನು, ಅಂದರೆ ಸಿಗ್ನಲಿನ ಸರಾಸರಿ ಮಟ್ಟ ಮಿತಿ ದಾಟದಂತೆ ಒತ್ತಿಹಿಡಿಯುವ ವ್ಯವಸ್ಥೆಯನ್ನು, ನಿಲ್ಲಿಸಿದೆ. ಆಂಪ್ಲಿಫೈಯರಿನ ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) 32 ಡಿಬಿ, ಎಂದರೆ 40 ಪಟ್ಟು; 57ನ್ನು 40ರಿಂದ ಭಾಗಿಸಿದರೆ ಸುಮಾರು 1.4 ವೋಲ್ಟ್, ಲಿಮಿಟರ್ ಇರುವ ಕ್ರಾಸ್‌ಓವರಿನ (ಆಂಪ್ಲಿಫೈಯರಿಗೆ ಮೊದಲೇ ಬೇಸನ್ನು ಬೇರ್ಪಡಿಸುವ ಯಂತ್ರದ) ಭಾಷೆಯಲ್ಲಿ +5.2 ಡಿಬಿಯು (0.775 ವೋಲ್ಟಿಗೆ ಹೋಲಿಸಿ ಹೇಳುವ ಡಿಬಿ).

ಲೆಕ್ಕವನ್ನು ನಂಬಿ ಕೂರಲಿಲ್ಲ. ಸ್ಪೀಕರಿನ ಕೇಬಲ್ ಬಿಚ್ಚಿ, 50 ಹರ್ಟ್ಸ್‌ನ ಸೈನ್ ಟೋನ್ ಹಾಕಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಆಂಪ್ಲಿಫೈಯರಿನ ಔಟ್‌ಪುಟ್ಟಿಗೆ ಹಿಡಿದೆ. ಮಿಕ್ಸರ್ ಏರಿಸುತ್ತ ಹೋದಂತೆ ಅಂಕಿ 70 ದಾಟಿ, ಲಿಮಿಟರ್ ಹಿಡಿಯುತ್ತಿದ್ದಂತೆ ಮೆಲ್ಲಗೆ ಇಳಿದು 57ರ ಆಸುಪಾಸಿನಲ್ಲಿ ನಿಂತಿತು. (ಆ ತುದಿಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಅದು ಶಾಕ್ ಹೊಡೆಯುವ ವೋಲ್ಟೇಜು.) ಈ ಲಿಮಿಟರ್ ಕಾವಿನ ಕಾವಲುಗಾರ, ನಿಧಾನವಾದದ್ದು. ಕೋನ್ ಮಿತಿಮೀರಿ ಜಿಗಿಯದಂತೆ ತಡೆಯಲು ಪೀಕ್ ಲಿಮಿಟರ್ ಬೇರೆಯೇ ಬೇಕು. ಬೇಸ್ ಬಾಕ್ಸುಗಳಿಗೆ ಅದರ ಅಟ್ಯಾಕ್ (ಹಿಡಿಯಲು ತೆಗೆದುಕೊಳ್ಳುವ ಹೊತ್ತು) 16 ಮಿಲಿಸೆಕೆಂಡ್, ರಿಲೀಸ್ (ಬಿಡಲು ತೆಗೆದುಕೊಳ್ಳುವ ಹೊತ್ತು) ಅದರ 16 ಪಟ್ಟು ಇಟ್ಟಿದ್ದೇನೆ. ಪೋರ್ಟ್ ಇರುವ ಬಾಕ್ಸಿನಲ್ಲಿ ತೀರ ಕೆಳಗಿನ ಸ್ವರಗಳಿಗೆ ಕೋನ್ ಹಿಡಿತ ತಪ್ಪುವುದರಿಂದ 35 ಹರ್ಟ್ಸ್ ಕೆಳಗಿನದನ್ನು ಹೈಪಾಸ್ ಫಿಲ್ಟರಿನಲ್ಲಿ ಕತ್ತರಿಸಿದ್ದೇನೆ.

ಪೀಕ್ ಲಿಮಿಟರಿನ ಮಟ್ಟವನ್ನು ಕ್ಲಿಪ್ ದೀಪ (ಆಂಪ್ಲಿಫೈಯರ್ ತನ್ನ ಮಿತಿ ಮೀರಿ ಸದ್ದು ಒಡೆಯುವುದನ್ನು ತೋರಿಸುವ ದೀಪ) ಹತ್ತುವುದಕ್ಕಿಂತ 2 ಡಿಬಿ ಕೆಳಗಿಡುವುದಕ್ಕೆ ನಮ್ಮ ಹಳ್ಳಿಗಳ ಕರೆಂಟೇ ಕಾರಣ. ಸುತ್ತಲ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ 230 ಇರಬೇಕಾದದ್ದು 190ಕ್ಕೆ ಬಿದ್ದರೆ, ನನ್ನಲ್ಲಿರುವಂಥ ಹಳೆಯ ಟ್ರಾನ್ಸ್‌ಫಾರ್ಮರಿನ ಆಂಪ್ಲಿಫೈಯರ್ ಸುಮಾರು 1.7 ಡಿಬಿ ಮೊದಲೇ ಕ್ಲಿಪ್ ಆಗುತ್ತದೆ. ಮನೆಯಲ್ಲಿ ಒಳ್ಳೆಯ ಕರೆಂಟಿನಲ್ಲಿ ಹೊಂದಿಸಿದ್ದು ಜಾತ್ರೆಯಲ್ಲಿ ಕೈಕೊಡುವುದು ಹೀಗೆ.

ಇಷ್ಟಾದರೂ ಒಮ್ಮೆ ಎಡವಿದೆ. ಇನ್ನೊಂದು ರ‍್ಯಾಕಿನ ಲಿಮಿಟರನ್ನು ಗುಂಡಿ 6 ಡಿಬಿ ಇಳಿದಿದ್ದಾಗ ಹೊಂದಿಸಿದ್ದೆ. ಶ್ರೀರಂಗಪಟ್ಟಣದ ಕಾರ್ಯಕ್ರಮವೊಂದರಲ್ಲಿ ಸಹಾಯಕ ಹುಡುಗ, ‘ಅಣ್ಣ, ಇದ್ಯಾಕೋ ಕಮ್ಮಿ ಇತ್ತು, ಫುಲ್ ಮಾಡ್ದೆ’ ಎಂದ. ಸಿಗ್ನಲಿನ ದಾರಿಯಲ್ಲಿ ಲಿಮಿಟರ್ ಆಂಪ್ಲಿಫೈಯರಿಗಿಂತ ಮೊದಲೇ ಬರುವುದರಿಂದ ಅದಕ್ಕೆ ಇದರ ಸುಳಿವೇ ಇರಲಿಲ್ಲ. 57 ಇದ್ದ ಮಿತಿ 113 ವೋಲ್ಟಿಗೆ, ಎಂದರೆ ನಾಲ್ಕು ಪಟ್ಟು ವ್ಯಾಟಿಗೆ ಏರಿತ್ತು. ಸದ್ದು ಇದ್ದಕ್ಕಿದ್ದಂತೆ ಜಿಗಿದದ್ದರಿಂದ ತಕ್ಷಣ ಇಳಿಸಿ ಬಚಾವಾದೆ. ಅಂದಿನಿಂದ ಗುಂಡಿಗಳನ್ನು ಪೂರ್ತಿ ತೆರೆದೇ ಲಿಮಿಟರ್ ಹೊಂದಿಸಿ, ಮೇಲೆ ಟೇಪ್ ಅಂಟಿಸುತ್ತೇನೆ.

ಈಗ ಲಿಮಿಟರಿನ ದೀಪ ಅಲ್ಲೊಮ್ಮೆ ಇಲ್ಲೊಮ್ಮೆ ಮಿನುಗಿದರೆ ಸುಮ್ಮನಿರುತ್ತೇನೆ, ಆರದೆ ಉರಿದರೆ ಮಾಸ್ಟರನ್ನು 3 ಡಿಬಿ ಇಳಿಸುತ್ತೇನೆ. ಹಾಗೆ ಉರಿದ ಊರಿನವರು ಮುಂದಿನ ವರ್ಷ ಬಂದಾಗ, ಎರಡಲ್ಲ ನಾಲ್ಕು ಬೇಸ್ ಬಾಕ್ಸು ಬೇಕೆಂದು ಮೊದಲೇ ಹೇಳಿ ಬಾಡಿಗೆಯನ್ನೂ ಅದರಂತೆಯೇ ಮಾತಾಡುತ್ತೇನೆ.