ಆಡಿಯೊ ಲೈಬ್ರರಿಗೆ ಡಾಕ್ಯುಮೆಂಟೇಶನ್ ಬರೆಯುವುದು: ಕಿವಿಗೆ ಕೇಳಿಸಿದ್ದರಿಂದ ಶುರು ಮಾಡಿ

ಡೇಟಾಬೇಸ್ ಲೈಬ್ರರಿಯನ್ನು ತಪ್ಪಾಗಿ ಬಳಸಿದರೆ ಸಾಮಾನ್ಯವಾಗಿ ಎರರ್ ಬರುತ್ತದೆ. ಆಡಿಯೊ ಲೈಬ್ರರಿಯಲ್ಲಿ ಎಷ್ಟೋ ಸಲ ಅದೂ ಬರುವುದಿಲ್ಲ. ಪ್ರೋಗ್ರಾಂ ಪೂರ್ತಿ ಓಡುತ್ತದೆ, ಫೈಲ್ ಸೇವ್ ಆಗುತ್ತದೆ. ಪ್ಲೇ ಮಾಡಿದಾಗ ಹಾಡಿದವರ ಶ್ರುತಿ ಏರಿರುತ್ತದೆ, ಇಲ್ಲವೇ ಮಾತಿನ ನಡುವೆ ಪಟಪಟ ಸದ್ದು, ಇಲ್ಲವೇ ಬರೀ ಮೌನ. ನಿಮ್ಮ ಪುಟ ಹುಡುಕಿಕೊಂಡು ಬರುವವರು ಹೀಗೆ ಒಂದು ಸದ್ದನ್ನು ಕೇಳಿಸಿಕೊಂಡು ಬಂದಿರುತ್ತಾರೆ. ಆ ಸದ್ದಿನಿಂದ ಕಾರಣಕ್ಕೆ ಹೋಗುವ ದಾರಿ ಡಾಕ್ಯುಮೆಂಟೇಶನ್‌ನಲ್ಲಿ ಇರಲೇಬೇಕು. ಫಂಕ್ಷನ್‌ಗಳ ಪಟ್ಟಿಯನ್ನು ಸ್ಫಿಂಕ್ಸ್ ಅಥವಾ ಡಾಕ್ಸಿಜನ್‌ನಂಥ ಡಾಕ್ಯುಮೆಂಟೇಶನ್ ಟೂಲ್ ಕೋಡ್‌ನಿಂದಲೇ ತೆಗೆದುಕೊಡುತ್ತದೆ. ಈ ದಾರಿಯನ್ನು ಮಾತ್ರ ನೀವೇ ಬರೆಯಬೇಕು.

ಅಳತೆ ಯಾವುದರಲ್ಲಿ ಎಂದು ಪ್ರತಿ ಸಲವೂ ಹೇಳಿ

ಬಫರ್ ಎಂದರೆ ಧ್ವನಿಯನ್ನು ಸ್ವಲ್ಪ ಹೊತ್ತು ಹಿಡಿದಿಡುವ ಮೆಮೊರಿ. ‘ಬಫರ್ ಸೈಜ್: 1024’ ಎಂದು ಬರೆದು ಬಿಟ್ಟರೆ ಓದುವವರು ಮೂರು ರೀತಿ ಅರ್ಥ ಮಾಡಿಕೊಳ್ಳಬಹುದು. 44100 ಹರ್ಟ್ಸ್, ಸ್ಟೀರಿಯೊ, 16 ಬಿಟ್ ಎಂದುಕೊಳ್ಳಿ. 1024 ಫ್ರೇಮ್ ಆದರೆ ಅದು 23.2 ಮಿಲಿಸೆಕೆಂಡ್. 1024 ಸ್ಯಾಂಪಲ್ ಆದರೆ 11.6. 1024 ಬೈಟ್ ಆದರೆ 5.8. ಸ್ಯಾಂಪಲ್ ಎಂದರೆ ಒಂದು ಚಾನಲ್‌ನ ಧ್ವನಿಯ ಒಂದು ಕ್ಷಣದ ಅಳತೆ. ಒಂದು ಫ್ರೇಮ್ ಎಂದರೆ ಒಂದು ಕ್ಷಣದ ಎಲ್ಲ ಚಾನಲ್‌ಗಳ ಸ್ಯಾಂಪಲ್‌ಗಳು ಸೇರಿದ್ದು. ಇಲ್ಲಿ ಎರಡು ಸ್ಯಾಂಪಲ್, ನಾಲ್ಕು ಬೈಟ್. ಫ್ರೇಮ್‌ನ ಈ ವಿವರಣೆಯನ್ನು ಮೊದಲ ಪುಟದಲ್ಲೇ ಹಾಕಿ. ಆಮೇಲೆ ‘ಲೆಂಗ್ತ್’, ‘ಸೈಜ್’ ಎಂಬ ಪದ ಬಂದ ಕಡೆಯೆಲ್ಲ ಪಕ್ಕದಲ್ಲಿ ಫ್ರೇಮ್, ಸ್ಯಾಂಪಲ್ ಅಥವಾ ಬೈಟ್ ಎಂದು ಸೇರಿಸಿ. ಬೇಸರವಾದರೂ ಸರಿ, ಒಂದು ಕಡೆಯೂ ಬಿಡಬೇಡಿ.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ತೊಡಕಿದೆ. ಸ್ಯಾಂಪಲ್‌ಗೆ ‘ಮಾದರಿ’ ಎಂದರೆ, ಬೆಂಗಳೂರಿನಲ್ಲಿ ಮಾತು ಗುರುತಿಸುವ ಸಾಫ್ಟ್‌ವೇರ್ ಕಟ್ಟುತ್ತಿರುವವರು ಅದನ್ನು ಮೊದಲು ‘ಮಾಡೆಲ್’ ಎಂದೇ ಓದುತ್ತಾರೆ. ಫ್ರೇಮ್‌ಗೆ ‘ಚೌಕಟ್ಟು’ ಎಂದರೆ ಫ್ರೇಮ್‌ವರ್ಕ್ ನೆನಪಾಗುತ್ತದೆ. ಅದಕ್ಕೇ ಸ್ಯಾಂಪಲ್, ಫ್ರೇಮ್, ಬಫರ್ ಪದಗಳನ್ನು ಹಾಗೇ ಉಳಿಸಿಕೊಳ್ಳಿ, ವಿವರಣೆಯನ್ನು ಒಳ್ಳೆಯ ಕನ್ನಡದಲ್ಲಿ ಕೊಡಿ.

ರೆಕಾರ್ಡಿಂಗ್‌ನ ಒಂದು ಫಂಕ್ಷನ್‌ಗೆ ಎಷ್ಟು ವಿವರ ಬೇಕೆಂದು ಇಲ್ಲಿ ನೋಡಿ:

> ರೀಡ್(ಫ್ರೇಮ್ಸ್)
> ಕೇಳಿದಷ್ಟು ಫ್ರೇಮ್ ಮೈಕ್‌ನಿಂದ ಬರುವವರೆಗೆ ಕಾದು, ಬೈಟ್‌ಗಳನ್ನು ಕೊಡುತ್ತದೆ. 48000 ಹರ್ಟ್ಸ್‌ನಲ್ಲಿ 480 ಫ್ರೇಮ್ ಕೇಳಿದರೆ ಸುಮಾರು 10 ಮಿಲಿಸೆಕೆಂಡ್ ಕಾಯುತ್ತದೆ. ಸ್ಟೀರಿಯೊ, 16 ಬಿಟ್ ಆಗಿದ್ದರೆ ಸಿಗುವುದು 1920 ಬೈಟ್. ಕ್ರಮ: ಎಡ, ಬಲ, ಎಡ, ಬಲ. ಬೆಲೆಗಳು −32768ರಿಂದ 32767ರವರೆಗೆ, ಲಿಟಲ್ ಎಂಡಿಯನ್ (ಕಿರಿಯ ಬೈಟ್ ಮೊದಲು). ಒಂದು ರೀಡ್‌ನಿಂದ ಇನ್ನೊಂದಕ್ಕೆ ತಡವಾದರೆ ಬಫರ್ ತುಂಬಿ ಹರಿದು ನಡುವಿನ ಧ್ವನಿ ಕಳೆದುಹೋಗುತ್ತದೆ. ಆಗ ಓವರ್‌ಫ್ಲೋ ಎರರ್ ಬರುತ್ತದೆ. ಕಳೆದುಹೋದದ್ದು ಮತ್ತೆ ಸಿಗುವುದಿಲ್ಲ. ರೀಡ್ ಕಾಯುತ್ತಿರುವಾಗ ಬೇರೆ ಥ್ರೆಡ್‌ನಿಂದ ಕ್ಲೋಸ್ ಕರೆಯಬೇಡಿ.

ಎಷ್ಟು ಹೊತ್ತು ಕಾಯುತ್ತದೆ, ಏನು ಕೊಡುತ್ತದೆ, ಯಾವ ಕ್ರಮದಲ್ಲಿ ಕೊಡುತ್ತದೆ, ಏನು ಕಳೆದುಹೋಗಬಹುದು, ಯಾವ ಥ್ರೆಡ್: ಈ ಐದರಲ್ಲಿ ಒಂದು ಬಿಟ್ಟರೂ ಯಾರೋ ಒಬ್ಬರು ಒಂದು ಸಂಜೆ ಕಳೆದುಕೊಳ್ಳುತ್ತಾರೆ. ಕ್ರಮದ ಬಗ್ಗೆ ವಿಶೇಷ ಎಚ್ಚರ ಬೇಕು. ವೇವ್ ಫೈಲ್‌ನಲ್ಲಿ ಎಡ ಬಲ ಹೆಣೆದುಕೊಂಡಿರುತ್ತವೆ, ವೆಬ್ ಆಡಿಯೊದಲ್ಲಿ ಪ್ರತಿ ಚಾನಲ್‌ಗೂ ಬೇರೆ ಬೇರೆ ಸಾಲು.

ಕಾಲ್‌ಬ್ಯಾಕ್ ಬಗ್ಗೆ ಕೈಬಿಚ್ಚಿ ಬರೆಯಿರಿ

ಕಾಲ್‌ಬ್ಯಾಕ್ ಎಂದರೆ ಪ್ರತಿ ಬಫರ್‌ಗೂ ಲೈಬ್ರರಿ ತಾನಾಗಿ ಕರೆಯುವ, ಬಳಸುವವರು ಬರೆದ ಫಂಕ್ಷನ್. 48000 ಹರ್ಟ್ಸ್‌ನಲ್ಲಿ 256 ಫ್ರೇಮ್ ಬಫರ್ ಇಟ್ಟರೆ ಕಾಲ್‌ಬ್ಯಾಕ್ ಪ್ರತಿ 5.3 ಮಿಲಿಸೆಕೆಂಡ್‌ಗೊಮ್ಮೆ ಬರುತ್ತದೆ, ಅಷ್ಟರೊಳಗೆ ಕೆಲಸ ಮುಗಿಯಬೇಕು. ಒಂದೇ ಒಂದು ಸಲ ತಡವಾದರೂ ಸ್ಪೀಕರ್‌ನಲ್ಲಿ ‘ಟಕ್’ ಎನ್ನುತ್ತದೆ. ಸರಾಸರಿ ವೇಗ ಎಷ್ಟು ಚೆನ್ನಾಗಿದ್ದರೂ ಇಲ್ಲಿ ಉಪಯೋಗವಿಲ್ಲ, ಅತಿ ತಡವಾದ ಒಂದು ಸಲವೇ ಲೆಕ್ಕಕ್ಕೆ ಬರುವುದು.

ಆದ್ದರಿಂದ ಕಾಲ್‌ಬ್ಯಾಕ್ ಒಳಗೆ ಏನೇನು ಕೂಡದು ಎಂದು ಕಾರಣ ಸಮೇತ ಹೇಳಿ. ಮೆಮೊರಿ ಹೊಸದಾಗಿ ಕೇಳಬಾರದು, ಒಳಗೊಳಗೇ ಲಾಕ್‌ಗೆ ಕಾಯಬೇಕಾಗಬಹುದು. ಫೈಲ್ ಓದುವುದು ಬರೆಯುವುದು ಕೂಡದು, ಡಿಸ್ಕ್ ಯಾವಾಗ ಉತ್ತರ ಕೊಡುತ್ತದೆಂದು ಹೇಳಲಾಗದು. ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಲಾಕ್) ಹಿಡಿಯಬಾರದು, ಪ್ರಿಂಟ್ ಕೂಡ ಹಾಕಬಾರದು. ಪೈಥಾನ್ ಆದರೆ, ಕಾಲ್‌ಬ್ಯಾಕ್ ಬೇರೆ ಥ್ರೆಡ್‌ನಲ್ಲಿ ಓಡಿದರೂ ಜಿಐಎಲ್‌ಗಾಗಿ (ಒಂದು ಸಲಕ್ಕೆ ಒಂದೇ ಥ್ರೆಡ್ ಓಡಲು ಬಿಡುವ ಪೈಥಾನ್‌ನ ಲಾಕ್) ಮುಖ್ಯ ಥ್ರೆಡ್ ಜೊತೆ ಪೈಪೋಟಿ ಮಾಡಬೇಕು ಎಂಬುದನ್ನೂ ಸೇರಿಸಿ.

ಕೂಡದು ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಸರಿಯಾದ ದಾರಿ ಯಾವುದು? ಕಾಲ್‌ಬ್ಯಾಕ್ ಒಂದು ರಿಂಗ್ ಬಫರ್‌ಗೆ (ತುದಿ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಬಳಸುವ ಬಫರ್) ಸ್ಯಾಂಪಲ್‌ಗಳನ್ನು ಕಾಪಿ ಮಾಡಿ ಹೊರಡಲಿ, ಇನ್ನೊಂದು ಥ್ರೆಡ್ ಅಲ್ಲಿಂದ ತೆಗೆದು ಫೈಲ್‌ಗೆ ಬರೆಯಲಿ. ಇದನ್ನು ಪೂರ್ತಿ ಕೋಡ್ ಆಗಿ ಕೊಡಿ. ಜನ ಮೊದಲ ಉದಾಹರಣೆಯನ್ನೇ ಕಣ್ಣು ಮುಚ್ಚಿ ಕಾಪಿ ಮಾಡುತ್ತಾರೆ. ನಿಮ್ಮ ಉದಾಹರಣೆಯ ಕಾಲ್‌ಬ್ಯಾಕ್‌ನಲ್ಲೇ ಒಂದು ಪ್ರಿಂಟ್ ಇದ್ದರೆ, ಮೇಲೆ ಎಷ್ಟು ಎಚ್ಚರಿಕೆ ಬರೆದರೂ ವ್ಯರ್ಥ.

‘ಹೀಗೆ ಕೇಳಿಸಿದರೆ’ ಪುಟ

ಸದ್ದಿನಿಂದ ಕಾರಣಕ್ಕೆ ಹೋಗುವ ದಾರಿಗೆಂದೇ ಒಂದು ಪುಟ ಇಡಿ. ಅದರಲ್ಲಿ ಇಂಥವು ಇರಲಿ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರಿ, ವೇಗವೂ ತುಸು ಹೆಚ್ಚಿದ್ದರೆ 44100ರ ರೆಕಾರ್ಡಿಂಗ್ 48000ದಲ್ಲಿ ಪ್ಲೇ ಆಗುತ್ತಿದೆ. ಸಂಗೀತ ಗೊತ್ತಿದ್ದವರಿಗೆ ತಂಬೂರಿ ಜೊತೆ ಇಟ್ಟ ತಕ್ಷಣ ತಿಳಿಯುತ್ತದೆ, ಉಳಿದವರಿಗೆ ತಿಂಗಳಾದರೂ ತಿಳಿಯದೆ ಹೋಗಬಹುದು. ಸರಿಯಾಗಿ ಒಂದು ಸ್ಥಾಯಿ ಮೇಲೆ ಹೋಗಿ ಎರಡರಷ್ಟು ವೇಗವಾಗಿದ್ದರೆ, ಮೋನೊ ಡೇಟಾವನ್ನು ಸ್ಟೀರಿಯೊ ಎಂದು ಕೊಟ್ಟಿದ್ದಾರೆ. ಬರೀ ಗರಗರ ಸದ್ದಾದರೆ ಫಾರ್ಮ್ಯಾಟ್ ತಪ್ಪು, ಉದಾಹರಣೆಗೆ 24 ಬಿಟ್ ಅನ್ನು 16 ಬಿಟ್ ಎಂದು ಓದಿದ್ದಾರೆ. ಈ ಸದ್ದು ಒಮ್ಮೆಲೇ ಜೋರಾಗಿ ಬರುತ್ತದೆ. ಫಾರ್ಮ್ಯಾಟ್ ಪರೀಕ್ಷಿಸುವಾಗ ಹೆಡ್‌ಫೋನ್ ಕಿವಿಯಿಂದ ತೆಗೆದಿಡಿ, ವಾಲ್ಯೂಮ್ ತಗ್ಗಿಸಿ ಎಂದು ಪುಟದ ಮೇಲ್ಭಾಗದಲ್ಲೇ ಬರೆಯಿರಿ. ಗಟ್ಟಿ ಜಾಗಗಳಲ್ಲಿ ಮಾತ್ರ ಕರಕರ ಎಂದರೆ, ಫ್ಲೋಟ್‌ನಿಂದ 16 ಬಿಟ್‌ಗೆ ಬದಲಿಸುವಾಗ 1.0 ದಾಟಿದ ಬೆಲೆಗಳನ್ನು ಕತ್ತರಿಸಿಲ್ಲ. 32767 ದಾಟಿದ್ದು ತಿರುಗಿ ಋಣ ಸಂಖ್ಯೆಯಾಗುತ್ತಿದೆ.

ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ರೆಕಾರ್ಡಿಂಗ್ ಶುರುವಾದ ಕೂಡಲೇ ಹಾಡು ಹಳೆಯ ಟೆಲಿಫೋನ್‌ನಂತೆ ಕೇಳಿಸುವುದುಂಟು. ಮೈಕ್ ಬೇಕೆಂದ ತಕ್ಷಣ ಹೆಡ್‌ಸೆಟ್ ಕರೆಗಳ ಪ್ರೊಫೈಲ್‌ಗೆ ಬದಲಾಗುತ್ತದೆ, ಅಲ್ಲಿ ಸಾಮಾನ್ಯವಾಗಿ ಸಿಗುವುದು 8000 ಅಥವಾ 16000 ಹರ್ಟ್ಸ್. ಪರಿಹಾರವನ್ನೂ ಬರೆಯಿರಿ: ಕೇಳಲು ಬ್ಲೂಟೂತ್, ರೆಕಾರ್ಡ್ ಮಾಡಲು ಲ್ಯಾಪ್‌ಟಾಪ್ ಮೈಕ್.

ಹಿನ್ನೆಲೆಯಲ್ಲಿ ಗುಂಯ್ ಎಂಬ ಸದ್ದಿದ್ದರೆ ಅದು ಬಹುಪಾಲು ನಮ್ಮ 50 ಹರ್ಟ್ಸ್ ವಿದ್ಯುತ್ತಿನದು. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಒಮ್ಮೆ ರೆಕಾರ್ಡ್ ಮಾಡಿ ನೋಡಲು ಹೇಳಿ.

ಪೂರ್ತಿ ಮೌನವಿದ್ದರೆ ಮೊದಲು ಅನುಮತಿ ನೋಡಬೇಕು. ಮ್ಯಾಕ್ ಓಎಸ್ 10.14ರಿಂದ ಮೈಕ್‌ಗೆ ಬಳಕೆದಾರರ ಒಪ್ಪಿಗೆ ಬೇಕು; ಒಪ್ಪಿಗೆ ಇಲ್ಲದಿದ್ದರೆ ಎರರ್ ಬದಲು ಬರೀ ಸೊನ್ನೆಗಳು ಬರಬಹುದು. ಆಂಡ್ರಾಯ್ಡ್ 9ರಿಂದ ಹಿನ್ನೆಲೆಗೆ ಸರಿದ ಆ್ಯಪ್‌ಗೆ ಸಾಮಾನ್ಯವಾಗಿ ಮೈಕ್ ಸಿಗುವುದಿಲ್ಲ. ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್ ಬೇಕು, ಮನೆಯ ವೈಫೈ ವಿಳಾಸ ಹಾಕಿ ಫೋನ್‌ನಲ್ಲಿ ತೆರೆದರೆ ಮೈಕ್ ಕೇಳುವ ಸೌಲಭ್ಯವೇ ಕಾಣುವುದಿಲ್ಲ.

ಡಿವೈಸ್, ಫೈಲ್

ರಾಸ್ಪ್‌ಬೆರಿ ಪೈಗೆ ಮೈಕ್ ಇನ್‌ಪುಟ್ ಇಲ್ಲ. ಹಾಗಾಗಿ ವಿದ್ಯಾರ್ಥಿಗಳು ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ತರುತ್ತಾರೆ. ಅಂಥವುಗಳ ಮೈಕ್ ಸಾಮಾನ್ಯವಾಗಿ ಮೋನೊ. ಎರಡು ಚಾನಲ್ ಕೇಳಿದರೆ, ಅನೇಕ ಆಡಿಯೊ ಲೈಬ್ರರಿಗಳು ಒಳಗೆ ಬಳಸುವ ಪೋರ್ಟ್‌ಆಡಿಯೊ −9998 ಎಂಬ ಎರರ್ ಕೊಡುತ್ತದೆ, ಕಾರ್ಡ್ ಒಪ್ಪದ ಸ್ಯಾಂಪಲ್ ರೇಟ್ ಕೇಳಿದರೆ −9997. ನಿಮ್ಮ ಲೈಬ್ರರಿ ಪೋರ್ಟ್‌ಆಡಿಯೊ ಮೇಲೆ ನಿಂತಿದ್ದರೆ ಈ ಸಂಖ್ಯೆಗಳನ್ನು ಪುಟದಲ್ಲಿ ಹಾಗೇ ಹಾಕಿ, ಜನ ಹುಡುಕುವುದು ಸಂಖ್ಯೆಯನ್ನೇ. ಡಿವೈಸ್ ಕ್ರಮಸಂಖ್ಯೆಯನ್ನು ಉದಾಹರಣೆಗಳಲ್ಲಿ ಎಲ್ಲೂ ನೇರವಾಗಿ ಬರೆಯಬೇಡಿ. ಕಾರ್ಡ್ ಕಿತ್ತು ಮತ್ತೆ ಚುಚ್ಚಿದರೆ 2 ಇದ್ದದ್ದು 3 ಆಗಬಹುದು. ಹೆಸರಿನಿಂದ ಹುಡುಕುವ ಕೋಡ್ ಕೊಡಿ.

ಫೈಲ್ ಹೆಸರು ಕನ್ನಡದಲ್ಲಿದ್ದರೂ ನಡೆಯುತ್ತದೆಯೇ ಎಂದು ಪರೀಕ್ಷಿಸಿ ಬರೆಯಿರಿ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಎಎನ್‌ಎಸ್‌ಐ ಕೋಡ್‌ಪೇಜ್ (ಹಳೆಯ ಪ್ರೋಗ್ರಾಂಗಳು ಬಳಸುವ ಅಕ್ಷರಗಳ ಪಟ್ಟಿ) ಇಲ್ಲ, ಯುನಿಕೋಡ್ ಬಳಸಬೇಕು. ಸಿ ಭಾಷೆಯ ಸಾದಾ ‘ಎಫ್‌ಓಪನ್’ ಬಳಸಿದ ಲೈಬ್ರರಿ ‘ವಚನ.ವೇವ್’ ತೆರೆಯಲಾಗದೆ ‘ಫೈಲ್ ಇಲ್ಲ’ ಎನ್ನಬಹುದು. ಆಡಿಯೊ ಫೈಲ್ ಓದಿ ಬರೆಯುವ ಲಿಬ್‌ಸೌಂಡ್‌ಫೈಲ್ ಲೈಬ್ರರಿಯಲ್ಲಿ ಇದಕ್ಕೆಂದೇ ವೈಡ್ ಅಕ್ಷರಗಳ ಬೇರೆ ಓಪನ್ ಫಂಕ್ಷನ್ ಇದೆ.

ಕ್ಲೋಸ್ ಏಕೆ ಕರೆಯಬೇಕು ಎಂಬುದಕ್ಕೂ ಕಾರಣ ಬೇಕು. ಸಾದಾ ವೇವ್ ಫೈಲ್‌ನ ಮೊದಲ 44 ಬೈಟ್‌ಗಳ ಹೆಡರ್‌ನಲ್ಲಿ ಡೇಟಾ ಎಷ್ಟಿದೆ ಎಂಬುದು ಇರುತ್ತದೆ, ಅನೇಕ ಲೈಬ್ರರಿಗಳು ಅದನ್ನು ಕ್ಲೋಸ್ ಮಾಡುವಾಗ ತುಂಬುತ್ತವೆ. ನಡುವೆ ಪ್ರೋಗ್ರಾಂ ಸತ್ತರೆ ಪ್ಲೇಯರ್ 0 ಸೆಕೆಂಡ್ ತೋರಿಸಬಹುದು, ಆದರೆ ಡಿಸ್ಕ್‌ಗೆ ಹೋದ ಡೇಟಾ ಒಳಗೇ ಇರುತ್ತದೆ. ಅದನ್ನು ರಾ ಪಿಸಿಎಂ (ಹೆಡರ್ ಇಲ್ಲದ ಬರೀ ಸ್ಯಾಂಪಲ್‌ಗಳು) ಎಂದು ತೆರೆದು ಉಳಿಸಿಕೊಳ್ಳುವ ಹಂತಗಳನ್ನು ಕೊಟ್ಟರೆ ಒಬ್ಬರ ಒಂದು ಗಂಟೆಯ ಸಂದರ್ಶನ ಉಳಿಯುತ್ತದೆ.

ಉದಾಹರಣೆಗಳನ್ನು ಪ್ರತಿ ಬಿಡುಗಡೆಗೆ ಮುನ್ನ ಓಡಿಸಿ ನೋಡಿ. ಸರ್ವರ್‌ಗಳಲ್ಲಿ ಸೌಂಡ್ ಕಾರ್ಡ್ ಇರುವುದಿಲ್ಲ. ಲಿನಕ್ಸ್‌ನಲ್ಲಿ ‘ಎಸ್‌ಎನ್‌ಡಿ-ಎಲೂಪ್’ ಮಾಡ್ಯೂಲ್ ಹಾಕಿದರೆ ಒಂದು ಬದಿಗೆ ಪ್ಲೇ ಮಾಡಿದ್ದು ಇನ್ನೊಂದು ಬದಿಯಲ್ಲಿ ಮೈಕ್‌ನಂತೆ ಬರುತ್ತದೆ. 1000 ಹರ್ಟ್ಸ್‌ನ ಸ್ವರವನ್ನು ಒಂದು ಉದಾಹರಣೆಯಿಂದ ಪ್ಲೇ ಮಾಡಿ, ಇನ್ನೊಂದರಿಂದ ರೆಕಾರ್ಡ್ ಮಾಡಿ, ಎಷ್ಟು ಹರ್ಟ್ಸ್ ಬಂತೆಂದು ಅಳೆಯಿರಿ. 1088ರ ಆಸುಪಾಸು ಬಂದರೆ ನಿಮ್ಮ ಉದಾಹರಣೆಯಲ್ಲೇ ಎಲ್ಲೋ 44100, ಎಲ್ಲೋ 48000 ಉಳಿದುಕೊಂಡಿದೆ.